ಕ್ಯಾಮ್ ಚೈನ್ ಹದ ಮಾಡುವ ಕ್ರಮ: ಹಳೆಯ ಸಣ್ಣ ಆಫ್‌ರೋಡ್ ಎಂಜಿನ್‌ಗಳಿಗೆ

ಎಂಜಿನ್ ಬಿಸಿಯಾಗಿದೆ, ಐಡ್ಲಿಂಗ್‌ನಲ್ಲಿ ನಿಂತಿದೆ. ಸಿಲಿಂಡರಿನ ಒಂದು ಮಗ್ಗುಲಿನಿಂದ ಕರಕರ ಎಂಬ ಸದ್ದು ಬರುತ್ತಿದೆ. ಆಕ್ಸಲರೇಟರ್ ತುಸು ತಿರುವಿದರೆ ಸದ್ದು ಅಡಗುತ್ತದೆ, ಬಿಟ್ಟ ಕೂಡಲೇ ಮತ್ತೆ ಹಾಜರಾಗುತ್ತದೆ. ಎಪ್ಪತ್ತು, ಎಂಬತ್ತರ ದಶಕದ ಸಣ್ಣ ಫೋರ್ ಸ್ಟ್ರೋಕ್ ಆಫ್‌ರೋಡ್ ಬೈಕುಗಳನ್ನು ಇಟ್ಟುಕೊಂಡವರಿಗೆ ಈ ಸದ್ದು ಚಿರಪರಿಚಿತ. ಹೋಂಡಾ ಎಕ್ಸ್‌ಆರ್ 75, ಎಸ್‌ಎಲ್ 125, ಎಕ್ಸ್‌ಎಲ್ 125, ಸಿಟಿ 70, ಯಮಹಾದ ಎಕ್ಸ್‌ಟಿ ಸಾಲು, ಹೀಗೆ ಯಾವುದೇ ಇರಲಿ, ಕ್ಯಾಮ್‌ಶಾಫ್ಟ್ (ವಾಲ್ವ್‌ಗಳನ್ನು ತೆರೆದು ಮುಚ್ಚಿಸುವ ದಂಡ) ಸಿಲಿಂಡರಿನ ತಲೆಯ ಮೇಲಿದ್ದು ಅದನ್ನು ಚೈನ್ ತಿರುಗಿಸುತ್ತಿದ್ದರೆ ಆ ಚೈನ್ ಒಂದಲ್ಲ ಒಂದು ದಿನ ಸಡಿಲವಾಗಿಯೇ ಆಗುತ್ತದೆ.

ಇದನ್ನು ಸರಿಪಡಿಸಲು ಹತ್ತು ನಿಮಿಷ ಸಾಕು. ಆದರೆ ಆ ಹತ್ತು ನಿಮಿಷದಲ್ಲಿ ಕೈ ಎಲ್ಲಿ ಬಲ ಹಾಕಬೇಕು, ಎಲ್ಲಿ ಹಾಕಬಾರದು ಎಂಬುದು ಗೊತ್ತಿರಬೇಕು. ಈ ಎಂಜಿನ್‌ಗಳಲ್ಲಿ ಹೆಚ್ಚಿನವುಗಳ ಚೈನನ್ನು ನಾವು ಬಿಗಿಯುವುದೇ ಇಲ್ಲ. ಒಳಗೊಂದು ಸ್ಪ್ರಿಂಗ್ ಇದೆ, ಬಿಗಿಯುವುದು ಅದರ ಕೆಲಸ. ನಾವು ಲಾಕ್ ಬಿಚ್ಚಿ ಅದಕ್ಕೆ ದಾರಿ ಕೊಡಬೇಕು, ಅದು ನಿಂತ ಜಾಗದಲ್ಲಿ ಮತ್ತೆ ಲಾಕ್ ಹಾಕಬೇಕು. ಇದು ಅರ್ಥವಾಗದೆ ಬೋಲ್ಟನ್ನು ಹಿಡಿದು ಬಲವಾಗಿ ತಿರುಗಿಸಿದ್ದರಿಂದ ಹಾಳಾದ, ಚೈನನ್ನು ಬಿಗಿಯಾಗಿ ಹಿಡಿಯುವ ಟೆನ್ಶನರ್‌ಗಳನ್ನು ನಾನು ಸಾಕಷ್ಟು ನೋಡಿದ್ದೇನೆ.

ಒಳಗೆ ಏನು ನಡೆಯುತ್ತದೆ

ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ಮುಖ್ಯ ದಂಡ) ಎರಡು ಸುತ್ತು ಬಂದರೆ ಕ್ಯಾಮ್‌ಶಾಫ್ಟ್ ಒಂದು ಸುತ್ತು ಬರುತ್ತದೆ. ಎಂಜಿನ್ ತಿರುಗುವಾಗ ಚೈನಿನ ಒಂದು ಬದಿಯನ್ನು ಕ್ರ್ಯಾಂಕ್ ಕೆಳಗೆ ಎಳೆಯುತ್ತಿರುತ್ತದೆ, ಆ ಬದಿ ಯಾವಾಗಲೂ ಬಿಗಿಯಾಗಿರುತ್ತದೆ. ಇನ್ನೊಂದು ಬದಿ ಮೇಲಕ್ಕೆ ಹೋಗುವ ಬದಿ, ಸಡಿಲವೆಲ್ಲ ಸೇರಿಕೊಳ್ಳುವುದು ಅಲ್ಲಿ. ಟೆನ್ಶನರ್ ಕೂತಿರುವುದೂ ಅದೇ ಬದಿಯಲ್ಲಿ. ಬಾಗಿದ ಪಟ್ಟಿಯೊಂದು, ಮೈಮೇಲೆ ರಬ್ಬರ್ ಹೊದಿಕೆ ಇರುವಂಥದ್ದು, ಸ್ಪ್ರಿಂಗಿನ ಬಲದಿಂದ ಚೈನನ್ನು ಪಕ್ಕಕ್ಕೆ ಒತ್ತಿ ಹಿಡಿಯುತ್ತದೆ.

ಚೈನ್ ಹಿಗ್ಗುತ್ತದೆ ಎಂದು ನಾವು ಹೇಳುತ್ತೇವೆ. ನಿಜಕ್ಕೂ ಕಬ್ಬಿಣದ ಪಟ್ಟಿಗಳು ಹಿಗ್ಗುವುದಿಲ್ಲ. ಕೊಂಡಿಗಳ ಪಿನ್ನೂ ಬುಷ್ಷೂ ಸವೆದು, ಪ್ರತಿ ಕೀಲಿನಲ್ಲೂ ಕೂದಲೆಳೆಯಷ್ಟು ಆಟ ಸೇರಿ, ಒಟ್ಟು ಉದ್ದ ಹೆಚ್ಚುತ್ತದೆ. ಉದ್ದ ಹೆಚ್ಚಿದಾಗ ಎರಡು ತೊಂದರೆಗಳಾಗುತ್ತವೆ. ಕ್ಯಾಮ್ ತಡವಾಗಿ ತಿರುಗತೊಡಗಿ ವಾಲ್ವ್‌ಗಳು ತಡವಾಗಿ ತೆರೆದು ತಡವಾಗಿ ಮುಚ್ಚುತ್ತವೆ. ಅದಕ್ಕಿಂತ ದೊಡ್ಡ ಅಪಾಯ ಚೈನ್ ಹಲ್ಲು ಜಾರುವುದು. ಕ್ಯಾಮ್ ಸ್ಪ್ರಾಕೆಟ್‌ನಲ್ಲಿ 28 ಹಲ್ಲುಗಳಿವೆ ಎಂದುಕೊಳ್ಳಿ. ಒಂದೇ ಒಂದು ಹಲ್ಲು ಜಾರಿದರೆ ಕ್ಯಾಮ್ ಸುಮಾರು 13 ಡಿಗ್ರಿ ತಪ್ಪುತ್ತದೆ. ಕ್ರ್ಯಾಂಕ್ ಲೆಕ್ಕದಲ್ಲಿ ಅದು 26 ಡಿಗ್ರಿ. ಅಷ್ಟಾದರೆ ಕಿಕ್ ಹೊಡೆದು ಹೊಡೆದು ಕಾಲು ಸೋಲಬೇಕೇ ಹೊರತು ಎಂಜಿನ್ ಸರಿಯಾಗಿ ಓಡುವುದಿಲ್ಲ.

ಎಸ್‌ಎಲ್ 125ರಂಥ ಎಂಜಿನ್‌ಗಳಲ್ಲಿ ಇನ್ನೊಂದು ತೊಡಕಿದೆ. ಅವುಗಳ ಕಾಂಟ್ಯಾಕ್ಟ್ ಪಾಯಿಂಟ್, ಅಂದರೆ ಕಿಡಿ ಹಾರುವ ಸಮಯವನ್ನು ನಿರ್ಧರಿಸುವ ಸ್ವಿಚ್, ಕ್ಯಾಮ್‌ಶಾಫ್ಟಿನ ತುದಿಯಲ್ಲೇ ಇರುತ್ತದೆ. ಚೈನ್ ಕುಣಿದರೆ ಕ್ಯಾಮ್ ಕುಣಿಯುತ್ತದೆ, ಕ್ಯಾಮ್ ಕುಣಿದರೆ ಕಿಡಿಯ ಸಮಯವೂ ಕುಣಿಯುತ್ತದೆ. ಟೈಮಿಂಗ್ ಲೈಟ್ ಹಿಡಿದು ನೋಡಿದರೆ ಫ್ಲೈವೀಲ್ ಮೇಲಿನ 'ಎಫ್' ಗುರುತು (ಕಿಡಿ ಹಾರುವ ಕ್ಷಣದ್ದು) ಒಂದು ಕಡೆ ನಿಲ್ಲದೆ ಹಿಂದೆ ಮುಂದೆ ಓಲಾಡುವುದು ಕಾಣುತ್ತದೆ. ಪಾಯಿಂಟ್ ಎಷ್ಟು ಸಲ ಸರಿ ಮಾಡಿದರೂ ಎಂಜಿನ್ ತಡವರಿಸುತ್ತಿದ್ದರೆ, ಕಾರ್ಬ್ಯುರೇಟರ್ ಬಿಚ್ಚುವ ಮೊದಲು ಚೈನಿನ ಕಡೆ ನೋಡಿ.

ಸದ್ದು ಚೈನಿನದೇ ಎಂದು ಖಚಿತ ಮಾಡಿಕೊಳ್ಳಿ

ಟಪ್ಪೆಟ್ (ವಾಲ್ವನ್ನು ಒತ್ತುವ ಭಾಗ) ಸದ್ದು ಟಿಕ್ ಟಿಕ್ ಎಂದು ಲಯಬದ್ಧವಾಗಿ, ಗಡಿಯಾರದ ಹಾಗೆ, ತಲೆಯ ಮೇಲಿನಿಂದ ಬರುತ್ತದೆ. ಚೈನಿನ ಸದ್ದಿಗೆ ಆ ಶಿಸ್ತಿಲ್ಲ. ಅದು ಗಲಗಲ, ಕರಕರ ಎಂದು ಒರಟಾಗಿ, ಚೈನ್ ಹಾದುಹೋಗುವ ಬದಿಯಲ್ಲಿ ಮೇಲಿಂದ ಕೆಳಗಿನ ತನಕ ಕೇಳುತ್ತದೆ. ಉದ್ದದ ಸ್ಕ್ರೂಡ್ರೈವರ್ ಒಂದರ ತುದಿಯನ್ನು ಸಿಲಿಂಡರಿನ ಆ ಬದಿಗೆ ಒತ್ತಿ, ಹಿಡಿಕೆಯನ್ನು ಕಿವಿಯ ಪಕ್ಕದ ಮೂಳೆಗೆ ಆನಿಸಿ ಕೇಳಿ. ಮೊದಲು ಟಪ್ಪೆಟ್ ಮುಚ್ಚಳದ ಮೇಲೆ, ಆಮೇಲೆ ಸಿಲಿಂಡರಿನ ನಡುವೆ, ಆಮೇಲೆ ಟೆನ್ಶನರ್ ಬೋಲ್ಟಿನ ಹತ್ತಿರ. ಎಲ್ಲಿ ಸದ್ದು ಜೋರಾಗಿದೆಯೋ ಅಲ್ಲಿ ಕಾರಣವಿದೆ. ಬಿಸಿ ಸೈಲೆನ್ಸರ್ ಪೈಪಿಗೆ ಕೈ ತಾಗದಂತೆ ನೋಡಿಕೊಳ್ಳಿ.

ಎಣ್ಣೆಯ ಮಟ್ಟವನ್ನೂ ಈಗಲೇ ನೋಡಿ. ಎಣ್ಣೆ ಕಡಿಮೆಯಾಗಿದ್ದರೆ, ಇಲ್ಲವೇ ಹಳತಾಗಿ ನೀರಿನಂತಾಗಿದ್ದರೆ, ಇಡೀ ಎಂಜಿನ್ ಗದ್ದಲ ಮಾಡುತ್ತದೆ. ಎಣ್ಣೆ ಬದಲಿಸಿ ಕೇಳಿದರೆ ಅರ್ಧ ಅನುಮಾನ ಅಲ್ಲೇ ಬಗೆಹರಿಯುತ್ತದೆ.

ನಿಮ್ಮ ಎಂಜಿನ್‌ನದು ಯಾವ ಬಗೆಯ ಟೆನ್ಶನರ್

ಕೈ ಹಚ್ಚುವ ಮೊದಲು ಇದು ತಿಳಿದಿರಲೇಬೇಕು, ಏಕೆಂದರೆ ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ವಿಷ. ಸಿಲಿಂಡರಿನ ಹಿಂಬದಿಯಲ್ಲೋ ಪಕ್ಕದಲ್ಲೋ ಸಣ್ಣ ಬೋಲ್ಟಿನ ಮೇಲೆ ಲಾಕ್ ನಟ್ ಇದ್ದರೆ ಅದು ಸಾಮಾನ್ಯವಾಗಿ ಸ್ಪ್ರಿಂಗ್ ಬಗೆ. ದೊಡ್ಡದೊಂದು ಟೊಪ್ಪಿಯಂಥ ಮುಚ್ಚಳ, ಅದನ್ನು ತೆಗೆದರೆ ಒಳಗೆ ಟೊಳ್ಳು ಸ್ಕ್ರೂ, ಅದರ ನಡುವೆ ಟೆನ್ಶನರ್ ಪಟ್ಟಿಯನ್ನು ಒತ್ತುವ ತಳ್ಳುಕಡ್ಡಿಯ ತುದಿ ಕಂಡರೆ ಅದು ಕೈಯಿಂದ ಹೊಂದಿಸುವ ಬಗೆ. ಎರಡು ಬೋಲ್ಟುಗಳಿಂದ ಕೂರಿಸಿದ ಪುಟ್ಟ ಡಬ್ಬಿಯಿದ್ದು, ಲಾಕ್ ನಟ್ ಎಲ್ಲೂ ಕಾಣದಿದ್ದರೆ ಅದು ಪೂರ್ಣ ಸ್ವಯಂಚಾಲಿತ.

ಈ ಕೊನೆಯದಕ್ಕೆ ಹದ ಮಾಡುವ ಮಾತೇ ಇಲ್ಲ. ಒಳಗೆ ರ‍್ಯಾಚೆಟ್ ಇದೆ, ಮುಂದೆ ಹೋದ ಕಡ್ಡಿ ಹಿಂದೆ ಬರುವುದಿಲ್ಲ. "ಸ್ವಲ್ಪ ಸಡಿಲಿಸಿ ನೋಡೋಣ" ಎಂದು ಆ ಎರಡು ಬೋಲ್ಟುಗಳನ್ನು ನಾಲ್ಕು ಸುತ್ತು ಬಿಚ್ಚಿದರೆ ಡಬ್ಬಿ ಹೊರಗೆ ಸರಿಯುತ್ತದೆ, ಕಡ್ಡಿ ಅಷ್ಟೇ ದೂರ ಮುಂದೆ ಚಾಚಿಕೊಳ್ಳುತ್ತದೆ. ಮತ್ತೆ ಬೋಲ್ಟ್ ಬಿಗಿದಾಗ ಆ ಕಡ್ಡಿ ಹಿಂದೆ ಬರಲಾರದೆ ಚೈನನ್ನು ತಂತಿಯಂತೆ ಬಿಗಿಯುತ್ತದೆ. ಪೂರ್ತಿ ಹೊರತೆಗೆದು, ರ‍್ಯಾಚೆಟ್ ಬಿಡಿಸಿ, ಕಡ್ಡಿಯನ್ನು ಒಳಗೆ ತಳ್ಳಿದ ಮೇಲೆಯೇ ಅದನ್ನು ಮತ್ತೆ ಕೂರಿಸಬೇಕು. ದಯವಿಟ್ಟು ಇದನ್ನು ಮರೆಯಬೇಡಿ.

ಸಿದ್ಧತೆ

ಮಣ್ಣಿನಲ್ಲಿ ಓಡಿದ ಬೈಕು, ಆದ್ದರಿಂದ ತೊಳೆಯುವುದರಿಂದಲೇ ಶುರು. ಟೆನ್ಶನರ್ ಬೋಲ್ಟಿನ ಸುತ್ತ ಗಟ್ಟಿಯಾದ ಕೆಸರನ್ನು ಬ್ರಷ್‌ನಿಂದ ಕೆರೆದು, ಬಟ್ಟೆಯಿಂದ ಒರೆಸಿ. ಆ ತೂತು ನೇರ ಎಂಜಿನ್ ಒಳಗೆ ಹೋಗುತ್ತದೆ. ಒಂದು ಚಿಟಿಕೆ ಮರಳು ಒಳಗೆ ಬಿದ್ದರೂ ಅದು ಎಣ್ಣೆಯ ಜೊತೆ ಸುತ್ತುತ್ತಲೇ ಇರುತ್ತದೆ.

ಬೇಕಾದ ಸಾಮಾನು ಹೆಚ್ಚೇನಿಲ್ಲ: ಪ್ಲಗ್ ಸ್ಪ್ಯಾನರ್, ಲಾಕ್ ನಟ್‌ಗೆ ಹೊಂದುವ ರಿಂಗ್ ಸ್ಪ್ಯಾನರ್ (ಬಹುತೇಕ 10 ಮಿಲಿಮೀಟರ್), ಫ್ಲೈವೀಲ್ ನಟ್‌ಗೆ ಸಾಕೆಟ್, ಸ್ಕ್ರೂಡ್ರೈವರ್, ಫೀಲರ್ ಗೇಜ್ (ಸಣ್ಣ ಅಂತರ ಅಳೆಯುವ ತೆಳು ಪಟ್ಟಿಗಳು). ಸಣ್ಣ ಟಾರ್ಕ್ ವ್ರೆಂಚ್ (ಬಿಗಿಯುವ ಬಲ ತೋರಿಸುವ ಸ್ಪ್ಯಾನರ್) ಇದ್ದರೆ ಒಳ್ಳೆಯದು. ನಿಮ್ಮ ಮಾಡೆಲ್‌ನ ಸರ್ವಿಸ್ ಪುಸ್ತಕ ಪಕ್ಕದಲ್ಲಿರಲಿ. ನಾನಿಲ್ಲಿ ಹೇಳುವುದು ಸಾಮಾನ್ಯ ಕ್ರಮ. ಪುಸ್ತಕ ಬೇರೆ ಹೇಳಿದರೆ ಪುಸ್ತಕದ ಮಾತೇ ಅಂತಿಮ.

ಟಿಡಿಸಿಗೆ (ಪಿಸ್ಟನ್ ಅತಿ ಮೇಲಿರುವ ಸ್ಥಾನಕ್ಕೆ) ತರುವುದು

ಸ್ಪಾರ್ಕ್ ಪ್ಲಗ್ ತೆಗೆಯಿರಿ. ಈಗ ಎಂಜಿನ್ ಕೈಯಲ್ಲೇ ಹಗುರವಾಗಿ ತಿರುಗುತ್ತದೆ. ಫ್ಲೈವೀಲ್ ಮುಚ್ಚಳ ಅಥವಾ ಅದರ ಮೇಲಿನ ನೋಟದ ಕಿಂಡಿ ತೆಗೆಯಿರಿ. ಕಿಕ್ಕರನ್ನು ಒಮ್ಮೆ ಕೈಯಿಂದ ಮೆಲ್ಲಗೆ ಒತ್ತಿ, ಫ್ಲೈವೀಲ್ ಯಾವ ಕಡೆಗೆ ತಿರುಗಿತು ಎಂದು ನೋಡಿಕೊಳ್ಳಿ. ಅದೇ ಓಟದ ದಿಕ್ಕು. ಹೋಂಡಾ ಸಣ್ಣ ಎಂಜಿನ್‌ಗಳಲ್ಲಿ ಎಡಗಡೆ ನಿಂತು ನೋಡಿದರೆ ಅದು ಅಪ್ರದಕ್ಷಿಣ.

ಆ ದಿಕ್ಕಿನಲ್ಲೇ ಫ್ಲೈವೀಲನ್ನು ತಿರುಗಿಸಿ, ಅದರ ಮೇಲಿನ 'ಟಿ' ಗೆರೆಯನ್ನು ಎಂಜಿನ್ ಮೈಮೇಲಿನ ಗುರುತಿಗೆ ಸರಿಯಾಗಿ ನಿಲ್ಲಿಸಿ. ಪಿಸ್ಟನ್ ಈಗ ಮೇಲಿದೆ. ಆದರೆ ಫೋರ್ ಸ್ಟ್ರೋಕ್‌ನಲ್ಲಿ ಪಿಸ್ಟನ್ ಎರಡು ಸಲ ಮೇಲೆ ಬರುತ್ತದೆ, ನಮಗೆ ಬೇಕಿರುವುದು ಕಂಪ್ರೆಶನ್ ಕೊನೆಯಲ್ಲಿ ಬರುವುದು. ಟಪ್ಪೆಟ್ ಮುಚ್ಚಳಗಳನ್ನು ತೆಗೆದು, ವಾಲ್ವ್ ಒತ್ತುವ ಎರಡೂ ರಾಕರ್‌ಗಳನ್ನು ಬೆರಳಿನಿಂದ ಅಲುಗಾಡಿಸಿ. ಎರಡರಲ್ಲೂ ಸಣ್ಣ ಆಟ ಇದ್ದರೆ ಸರಿಯಾದ ಜಾಗದಲ್ಲಿದ್ದೀರಿ. ಬಿಗಿಯಾಗಿದ್ದರೆ ಇನ್ನೊಂದು ಪೂರ್ತಿ ಸುತ್ತು ತಿರುಗಿಸಿ.

ಈ ಜಾಗವೇ ಏಕೆ? ವಾಲ್ವ್ ತೆರೆಯುತ್ತಿರುವಾಗ ಅದರ ಸ್ಪ್ರಿಂಗ್ ಕ್ಯಾಮನ್ನು ತಡೆಯುತ್ತದೆ. ಮುಚ್ಚುತ್ತಿರುವಾಗ ಅದೇ ಸ್ಪ್ರಿಂಗ್ ಕ್ಯಾಮನ್ನು ಮುಂದಕ್ಕೆ ನೂಕುತ್ತದೆ. ಹಾಗೆ ನೂಕಿದಾಗ ಚೈನಿನ ಸಡಿಲ ಒಂದು ಬದಿಯಿಂದ ಇನ್ನೊಂದು ಬದಿಗೆ ಹೊರಳುತ್ತದೆ. ಎರಡೂ ವಾಲ್ವ್ ಮುಚ್ಚಿರುವಾಗ ಕ್ಯಾಮ್ ಮೇಲೆ ಯಾರ ಒತ್ತಡವೂ ಇರುವುದಿಲ್ಲ, ಟೆನ್ಶನರ್‌ಗೆ ಚೈನಿನ ನಿಜವಾದ ಸ್ಥಿತಿ ಸಿಗುತ್ತದೆ.

'ಟಿ' ಗೆರೆ ಒಂದು ಬೆರಳಿನಷ್ಟು ಮುಂದೆ ಹೋಯಿತು ಎನ್ನಿ. ಹಿಂದಕ್ಕೆ ತಿರುಗಿಸಿ ಸರಿ ಮಾಡಲು ಕೈ ತುಡಿಯುತ್ತದೆ. ತಿರುಗಿಸಬೇಡಿ. ಹಿಂದಕ್ಕೆ ತಿರುಗಿಸಿದರೆ ಬಿಗಿ ಬದಿ ಸಡಿಲವಾಗುತ್ತದೆ, ಟೆನ್ಶನರ್ ಇರುವ ಬದಿ ಬಿಗಿಯಾಗುತ್ತದೆ. ಆ ಸ್ಥಿತಿಯಲ್ಲಿ ಲಾಕ್ ಬಿಚ್ಚಿದರೆ ಬಿಗಿಯಾದ ಚೈನ್ ಸ್ಪ್ರಿಂಗನ್ನೇ ಹಿಂದಕ್ಕೆ ತಳ್ಳುತ್ತದೆ, ನೀವು ಮೊದಲಿಗಿಂತ ಸಡಿಲ ಮಾಡಿ ಲಾಕ್ ಹಾಕಿರುತ್ತೀರಿ. ಮುಂದಕ್ಕೇ ಎರಡು ಸುತ್ತು ತಿರುಗಿಸಿ ಮತ್ತೆ ಗುರುತಿಗೆ ಬನ್ನಿ. ಅರ್ಧ ನಿಮಿಷದ ಮಾತು.

ಸ್ಪ್ರಿಂಗ್ ಬಗೆ: ಬಿಚ್ಚಿ, ಬಿಟ್ಟು, ಹಿಡಿಯುವುದು

ಲಾಕ್ ನಟ್ ಸಡಿಲಿಸಿ. ಬಳಿಕ ಬೋಲ್ಟನ್ನು ಅರ್ಧದಿಂದ ಒಂದು ಸುತ್ತು ಮಾತ್ರ ಹಿಂದಕ್ಕೆ ತಿರುಗಿಸಿ. ಪೂರ್ತಿ ಹೊರತೆಗೆಯಬೇಡಿ. ಸ್ಪ್ರಿಂಗ್ ಮುಂದೆ ಸರಿದರೆ ಕೆಲವೊಮ್ಮೆ ಒಳಗಿನಿಂದ 'ಟಕ್' ಎಂಬ ಸಣ್ಣ ಸದ್ದು ಕೇಳುತ್ತದೆ. ಬೆರಳನ್ನು ಬೋಲ್ಟಿನ ತಲೆಯ ಮೇಲಿಟ್ಟಿದ್ದರೆ ಆ ಸರಿದಾಟ ಬೆರಳಿಗೂ ತಿಳಿಯುತ್ತದೆ. ಸದ್ದು ಕೇಳದಿದ್ದರೆ ಗಾಬರಿ ಬೇಡ, ಸರಿಯಬೇಕಾದ ದೂರ ಕಡಿಮೆಯಿದ್ದರೆ ಮೌನವಾಗಿಯೇ ಸರಿಯುತ್ತದೆ.

ಈಗ ಬೋಲ್ಟ್ ಬಿಗಿಯಿರಿ, ಅದನ್ನು ಅಲುಗದಂತೆ ಹಿಡಿದುಕೊಂಡು ಲಾಕ್ ನಟ್ ಬಿಗಿಯಿರಿ. ಅಲ್ಯೂಮಿನಿಯಮ್‌ನಲ್ಲಿ ಕೂತ 6 ಮಿಲಿಮೀಟರ್ ಬೋಲ್ಟಿಗೆ ಸುಮಾರು 10 ನ್ಯೂಟನ್ ಮೀಟರ್ ಸಾಕು. ಸ್ಪ್ಯಾನರನ್ನು ಮುಷ್ಟಿಯಿಂದ ಹಿಡಿಯದೆ ಎರಡು ಬೆರಳುಗಳಿಂದ ಎಳೆದಷ್ಟು.

ಕೆಲವು ಮಾಡೆಲ್‌ಗಳ ಪುಸ್ತಕ ಇದನ್ನೇ ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಮಾಡಲು ಹೇಳುತ್ತದೆ. ಅಲ್ಲಿ ಎಂಜಿನ್ ನಡುಕವೇ ಅಂಟಿಕೊಂಡ ಕಡ್ಡಿಯನ್ನು ಸರಿಸುತ್ತದೆ. ಲಾಕ್ ಬಿಚ್ಚಿದ ಕೆಲವೇ ಕ್ಷಣಗಳಲ್ಲಿ ಕರಕರ ಸದ್ದು ಇಳಿದು ಮೆತ್ತಗಿನ ಸರಸರ ಆಗುವುದನ್ನು ಕಿವಿಯಾರೆ ಕೇಳಬಹುದು. ಸದ್ದು ಇಳಿದ ಕೂಡಲೇ ಲಾಕ್ ಹಾಕಿ. ಈ ಕೆಲಸ ಬಯಲಿನಲ್ಲಿ ಮಾಡಿ. ಮುಚ್ಚಿದ ಕೋಣೆಯಲ್ಲಿ ಎಂಜಿನ್ ಓಡಿಸಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ, ಅದಕ್ಕೆ ವಾಸನೆಯೇ ಇಲ್ಲ.

ಹೋಂಡಾದ ಮಲಗಿದ ಸಿಲಿಂಡರಿನ ಎಂಜಿನ್‌ಗಳಲ್ಲಿ, ಸಿಟಿ 70 ಅಂಥದ್ದು, ಇನ್ನೊಂದು ಹೆಜ್ಜೆ ಇದೆ. ಲಾಕ್ ನಟ್ ಮತ್ತು ಬೋಲ್ಟ್ ಸಡಿಲಿಸಿ ಬಿಗಿದ ಮೇಲೂ ಸದ್ದು ಉಳಿದರೆ, ಎಂಜಿನ್ ಅಡಿಯಲ್ಲಿರುವ ದೊಡ್ಡ ತಲೆಯ ಮುಚ್ಚಳ ಬೋಲ್ಟ್ ತೆಗೆದು ಒಳಗಿನ ಸ್ಕ್ರೂವನ್ನು ಮೆಲ್ಲಗೆ ಒಳಕ್ಕೆ ತಿರುಗಿಸಬೇಕು. ಸದ್ದು ಇಳಿದಲ್ಲಿಗೆ ನಿಲ್ಲಿಸಬೇಕು. ಮುಚ್ಚಳ ತೆಗೆದಾಗ ಎಣ್ಣೆ ಹನಿಯುತ್ತದೆ, ಕೆಳಗೊಂದು ತಟ್ಟೆ ಇಟ್ಟಿರಿ.

ಕೈಯಿಂದ ಹೊಂದಿಸುವ ಬಗೆ

ಯಮಹಾ ಎಕ್ಸ್‌ಟಿ 500 ಇದಕ್ಕೆ ಒಳ್ಳೆಯ ಉದಾಹರಣೆ. ಅದು ಸಣ್ಣ ಎಂಜಿನ್ ಅಲ್ಲ, ಆದರೂ ಇದೇ ವಿನ್ಯಾಸದ ಚಿಕ್ಕ ಎಂಜಿನ್‌ಗಳಿಗೂ ರೀತಿ ಒಂದೇ. ಮುಚ್ಚಳ ತೆಗೆದು ಲಾಕ್ ನಟ್ ಸಡಿಲಿಸಿ. ಎಂಜಿನನ್ನು ಓಟದ ದಿಕ್ಕಿನಲ್ಲಿ ನಿಧಾನವಾಗಿ ತಿರುಗಿಸುತ್ತಾ ನಡುವಿನ ಕಡ್ಡಿಯ ತುದಿಯನ್ನೇ ನೋಡುತ್ತಿರಿ. ಅದು ಉಸಿರಾಡಿದಂತೆ ಒಳಗೆ ಹೊರಗೆ ತುಸು ಸರಿಯುತ್ತಿರುತ್ತದೆ. ಕಡ್ಡಿಯ ತುದಿಯೂ ಸ್ಕ್ರೂವಿನ ತುದಿಯೂ ಒಂದೇ ಮಟ್ಟಕ್ಕೆ ಬರುವಂತೆ ಸ್ಕ್ರೂ ತಿರುಗಿಸಿ ಲಾಕ್ ಹಾಕಬೇಕು. ಬೆರಳ ತುದಿಯಿಂದ ಸವರಿದರೆ ಮೆಟ್ಟಿಲು ತಾಗಬಾರದು.

ಈ ಬಗೆಯಲ್ಲಿ ಬಿಗಿಯುವ ಅಧಿಕಾರ ನಿಮ್ಮ ಕೈಯಲ್ಲಿದೆ, ಆದ್ದರಿಂದ ತಪ್ಪುವ ಅವಕಾಶವೂ ಇದೆ. ಸದ್ದು ಪೂರ್ತಿ ಹೋಗಲಿ ಎಂದು ಇನ್ನರ್ಧ ಸುತ್ತು ಹಾಕುವ ಆಸೆ ಬೇಡ. ಅತಿ ಬಿಗಿಯಾದ ಚೈನ್ ಕೊಯ್ಯೆಂದು ಎಳೆದು ಕೂಗುತ್ತದೆ, ರಬ್ಬರ್ ಪಟ್ಟಿಯನ್ನು ತಿನ್ನುತ್ತದೆ, ಕ್ಯಾಮ್‌ಶಾಫ್ಟನ್ನು ಸದಾ ಕೆಳಕ್ಕೆ ಜಗ್ಗಿ ಅದು ಕೂತ ಜಾಗವನ್ನು ಸವೆಸುತ್ತದೆ. ಹಲವು ಹಳೆಯ ಎಂಜಿನ್‌ಗಳಲ್ಲಿ ಕ್ಯಾಮ್ ತಿರುಗುವುದು ನೇರ ಅಲ್ಯೂಮಿನಿಯಮ್ ತಲೆಯಲ್ಲೇ, ಬೇರಿಂಗ್ ಇಲ್ಲ. ಅದು ಸವೆದರೆ ತಲೆಯನ್ನೇ ಬದಲಿಸಬೇಕು. ಸಣ್ಣದೊಂದು ಸರಸರ ಸದ್ದು ಈ ಎಂಜಿನ್‌ಗಳ ಸಹಜ ದನಿ, ಅದನ್ನು ಇರಗೊಡಿ.

ಸದ್ದು ಹೋಗದಿದ್ದರೆ

ನನ್ನ ಬಳಿ ಒಮ್ಮೆ ಒಂದು 125 ಸಿಸಿ ಎಂಜಿನ್ ಬಂದಿತ್ತು. ಲಾಕ್ ಬಿಚ್ಚಿ ಬಿಗಿದರೆ ಸದ್ದು ಹೋಗುತ್ತಿತ್ತು, ಹತ್ತು ನಿಮಿಷ ಓಡಿದರೆ ಮರಳುತ್ತಿತ್ತು. ಮೂರು ಸಲ ಹೀಗಾಯಿತು. ಕೊನೆಗೆ ಟೆನ್ಶನರ್ ಹೊರತೆಗೆದು ಬೆಳಕಿಗೆ ಹಿಡಿದೆ. ಕಡ್ಡಿಯ ಮೇಲೆ, ಲಾಕ್ ಬೋಲ್ಟಿನ ಮೂತಿ ಒತ್ತುವ ಜಾಗದಲ್ಲಿ, ಉಗುರಿನ ತುದಿ ಕೂರುವಷ್ಟು ಆಳದ ಹೊಳೆಯುವ ಕುಳಿ. ಹಿಂದೆ ಯಾರೋ ಆ ಬೋಲ್ಟನ್ನು ವರ್ಷಗಟ್ಟಲೆ ಬಲವಾಗಿ ಬಿಗಿದಿದ್ದರು. ಸ್ಪ್ರಿಂಗ್ ಕಡ್ಡಿಯನ್ನು ಮುಂದೆ ತಳ್ಳಿದರೂ ಬೋಲ್ಟ್ ಬಿಗಿಯುವಾಗ ಅದರ ಮೂತಿ ಕುಳಿಯ ಅಂಚಿನಿಂದ ಜಾರಿ ಹಳೆಯ ಜಾಗಕ್ಕೇ ಎಳೆದುಕೊಳ್ಳುತ್ತಿತ್ತು. ಕುಳಿಯ ಅಂಚನ್ನು ಉಜ್ಜಿ ನಯ ಮಾಡಿದರೆ ತಾತ್ಕಾಲಿಕವಾಗಿ ನಡೆಯುತ್ತದೆ. ನಾನು ಕಡ್ಡಿಯನ್ನೇ ಬದಲಿಸಿದೆ, ಸದ್ದು ಮತ್ತೆ ಬರಲಿಲ್ಲ. ಎರಡು ಬೆರಳಿನ ಬಲ ಸಾಕು ಎಂದು ಮೇಲೆ ಅಷ್ಟು ಒತ್ತಿ ಹೇಳಿದ್ದು ಇದಕ್ಕೇ.

ಇತರ ಕಾರಣಗಳೂ ಇವೆ. ಬಹಳ ದಿನ ನಿಂತ ಬೈಕಿನಲ್ಲಿ ಕಡ್ಡಿ ತುಕ್ಕಿಗೋ ಗಟ್ಟಿಯಾದ ಎಣ್ಣೆಗೋ ಅಂಟಿಕೊಂಡಿರುತ್ತದೆ. ಲಾಕ್ ಬಿಚ್ಚಿಟ್ಟು, ಪಕ್ಕದ ಗಟ್ಟಿ ಜಾಗಕ್ಕೆ ಸ್ಕ್ರೂಡ್ರೈವರ್ ಹಿಡಿಕೆಯಿಂದ ಹಗುರವಾಗಿ ತಟ್ಟಿದರೆ ಕೆಲವೊಮ್ಮೆ ಬಿಡುತ್ತದೆ. ಮಲಗಿದ ಎಂಜಿನ್‌ಗಳಲ್ಲಿ ತಳ್ಳುಕಡ್ಡಿಯ ತುದಿಯ ರಬ್ಬರ್ ಗುಂಡಿ ಪುಡಿಯಾಗಿರಬಹುದು. ಪಟ್ಟಿಯ ರಬ್ಬರ್ ವಯಸ್ಸಾಗಿ ಕಲ್ಲಿನಂತಾಗಿದ್ದರೆ ಸರಿಯಾದ ಬಿಗಿಯಲ್ಲೂ ಸದ್ದು ಬರುತ್ತದೆ.

ಎಲ್ಲ ಸರಿಯಿದ್ದೂ ಸದ್ದು ಉಳಿದರೆ ಚೈನಿನ ಆಯುಷ್ಯ ಮುಗಿದಿದೆ. ಕ್ಯಾಮ್ ಸ್ಪ್ರಾಕೆಟ್ ಕಾಣುವಂತೆ ಮುಚ್ಚಳ ತೆಗೆದು, ಮೇಲ್ತುದಿಯಲ್ಲಿ ಚೈನನ್ನು ಎರಡು ಬೆರಳಿನಿಂದ ಎತ್ತಿ. ಅದು ಹಲ್ಲಿನಿಂದ ಗಮನಾರ್ಹವಾಗಿ ಮೇಲೆದ್ದು ಕೆಳಗೆ ಬೆಳಕು ಕಂಡರೆ ಹದ ಮಾಡಿ ಪ್ರಯೋಜನವಿಲ್ಲ. ಎಣ್ಣೆಯಲ್ಲಿ ಬೆಳ್ಳಿಯಂಥ ಹೊಟ್ಟು ತೇಲುತ್ತಿದ್ದರೆ ಚೈನ್ ಈಗಾಗಲೇ ಅಲ್ಯೂಮಿನಿಯಮ್ ಗೋಡೆಯನ್ನು ಉಜ್ಜುತ್ತಿದೆ ಎಂದು ಶಂಕಿಸಬೇಕು. ಬದಲಿಸುವಾಗ ಚೈನ್, ಟೆನ್ಶನರ್ ಪಟ್ಟಿ, ಗೈಡ್ ಮೂರನ್ನೂ ಬದಲಿಸಿ, ಸ್ಪ್ರಾಕೆಟ್ ಹಲ್ಲು ಕೊಕ್ಕೆಯಂತಾಗಿದ್ದರೆ ಅದನ್ನೂ.

ಆಮೇಲಿನ ಕೆಲಸ

ಚೈನ್ ಹದವಾದ ಮೇಲೆ ಟಪ್ಪೆಟ್, ಅದರ ಮೇಲೆ ಪಾಯಿಂಟ್, ಕೊನೆಗೆ ಕಾರ್ಬ್ಯುರೇಟರ್. ಈ ಅನುಕ್ರಮ ತಲೆಕೆಳಗಾದರೆ ಎಲ್ಲವನ್ನೂ ಎರಡು ಸಲ ಮಾಡಬೇಕಾಗುತ್ತದೆ, ಏಕೆಂದರೆ ಚೈನ್ ಸರಿದರೆ ಕ್ಯಾಮ್ ತುದಿಯ ಪಾಯಿಂಟ್ ಸಮಯವೂ ಸರಿಯುತ್ತದೆ. ಟಪ್ಪೆಟ್ ಅಂತರವನ್ನು ಎಂಜಿನ್ ತಣ್ಣಗಿರುವಾಗಲೇ ಅಳೆಯಬೇಕು. ಸಿಟಿ 70, ಎಸ್‌ಎಲ್ 125ರಂಥ ಹೋಂಡಾಗಳಲ್ಲಿ ಅದು ಎರಡೂ ವಾಲ್ವ್‌ಗಳಿಗೆ 0.05 ಮಿಲಿಮೀಟರ್. ಐಡ್ಲಿಂಗ್‌ನಲ್ಲಿ ಚೈನ್ ಹದ ಮಾಡಿದ್ದರೆ ಎಂಜಿನ್ ಪೂರ್ತಿ ಆರುವ ತನಕ ಕಾಯಿರಿ, ಬೇಕಿದ್ದರೆ ರಾತ್ರಿಯಿಡೀ.

ಪ್ಲಗ್ ಹಾಕುವ ಮೊದಲು ಎಂಜಿನನ್ನು ಕೈಯಿಂದ ನಾಲ್ಕು ಪೂರ್ತಿ ಸುತ್ತು ತಿರುಗಿಸಿ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕಬೇಡಿ, ನಿಲ್ಲಿಸಿ ಕಾರಣ ಹುಡುಕಿ. ಸಲೀಸಾಗಿ ತಿರುಗಿದರೆ ಜೋಡಿಸಿ, ಚಾಲೂ ಮಾಡಿ, ಸ್ಕ್ರೂಡ್ರೈವರನ್ನು ಮೊದಲಿಟ್ಟ ಜಾಗಗಳಲ್ಲೇ ಇಟ್ಟು ಮತ್ತೊಮ್ಮೆ ಕೇಳಿ. ಲಾಕ್ ನಟ್ ಮತ್ತು ಎಂಜಿನ್ ಮೈ ಎರಡನ್ನೂ ಸೇರಿಸಿ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಮೊದಲ ಸವಾರಿ ಮುಗಿಸಿ ಬಂದಾಗ ಗೆರೆ ಮುರಿದಿದೆಯೇ, ಬೋಲ್ಟಿನ ಬುಡದಲ್ಲಿ ಎಣ್ಣೆ ಜಿನುಗಿದೆಯೇ ನೋಡಿ. ಜಿನುಗಿದ್ದರೆ ವಾಷರ್ ಅಥವಾ ಒ-ರಿಂಗ್ ಬದಲಿಸಬೇಕು. ಅದನ್ನು ನಿಲ್ಲಿಸಲೆಂದು ಬೋಲ್ಟನ್ನು ಇನ್ನಷ್ಟು ಬಿಗಿಯಬೇಡಿ.